ಹಸುವಿನ ಹಿಂಗಾಲು

ಬಟ್ಟೆಯ ಹಸುವೊಂದರ ಹೊಟ್ಟೆಯೊಳಗೆ ಬಗ್ಗಿ ನಿಂತು, ಮುಂದಿರುವ ದಂತವೈದ್ಯರ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ಮಧ್ಯಾಹ್ನ ತಿಂದ ಹೆಸರುಬೇಳೆ ಕೋಸಂಬರಿಯ ಪರಿಣಾಮಗಳನ್ನು ಮೂಗಿನಲ್ಲೇ ಅನುಭವಿಸುವಾಗ ಮನುಷ್ಯನಿಗೆ ಕನ್ನಡ ರಂಗಭೂಮಿಯ ಬಗ್ಗೆ ಉದಾತ್ತ ಯೋಚನೆಗಳು ಬರುವುದಿಲ್ಲ. ನನಗಂತೂ ಬರಲಿಲ್ಲ. ಈ ಕತ್ತಲೆಯಲ್ಲಿ ಬೆಂಕಿ ಹತ್ತಿಕೊಂಡರೆ ಹಸು ಯಾವ ಬಾಗಿಲಿನಿಂದ ಹೊರಗೆ ಓಡಬೇಕು, ಮುಂಗಾಲು ಒಂದು ಕಡೆ ಹಿಂಗಾಲು ಇನ್ನೊಂದು ಕಡೆ ಓಡಿದರೆ ಸತ್ತವರ ಪಟ್ಟಿಯಲ್ಲಿ ನಮ್ಮನ್ನು ಒಂದು ಎಂದು ಬರೆಯುತ್ತಾರೋ ಎರಡು ಎಂದು ಬರೆಯುತ್ತಾರೋ, ಇಂಥ ಯೋಚನೆಗಳು ಬಂದವು. ಐವತ್ತು ದಾಟಿದ ಮೇಲೆ ನನಗೆ ಬರುವುದೆಲ್ಲ ಇಂಥವೇ.

ಆ ಹಸುವನ್ನು ಹೊಲಿದದ್ದು ಹಳೆಯ ಬೆಡ್‌ಶೀಟು ಮತ್ತು ಬಾತ್‌ರೂಮಿನ ಮುಂದೆ ಹಾಸುವ ದಪ್ಪ ಕಾಲೊರೆಸುಗಳಿಂದ. ಕಾಲೊರೆಸುಗಳು ಹೊಸವಲ್ಲ. ಯಾರ ಮನೆಯ ಬಾತ್‌ರೂಮಿನವು ಎಂದು ನಾನು ಕೇಳಲಿಲ್ಲ, ತಿಳಿದುಕೊಳ್ಳುವ ಧೈರ್ಯವಿರಲಿಲ್ಲ. ಪ್ರತಿ ರಿಹರ್ಸಲ್ಲಿನಲ್ಲಿ ನಾವಿಬ್ಬರು ಅದರೊಳಗೆ ಬೆವರುತ್ತಿದ್ದೆವು, ಆಮೇಲೆ ಅದನ್ನು ಮಡಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕುತ್ತಿದ್ದರು. ಮುಂದಿನ ವಾರ ಮುಚ್ಚಳ ತೆರೆದಾಗ ಹುಳಿ ಬಂದ ದೋಸೆಹಿಟ್ಟಿಗೂ ಒದ್ದೆ ನಾಯಿಗೂ ನಡುವಿನ ಒಂದು ವಾಸನೆ ಏಳುತ್ತಿತ್ತು. "ಥಿಯೇಟರಿನ ವಾಸನೆ ಗುರುವೇ, ಎಂಜಾಯ್ ಮಾಡಿ" ಎನ್ನುತ್ತಿದ್ದರು ನಮ್ಮ ನಿರ್ದೇಶಕರು.

ನಿರ್ದೇಶಕರು ವಾರದ ದಿನಗಳಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಒಂದು ಚಿಪ್ ಕಂಪನಿಯಲ್ಲಿ ಮ್ಯಾನೇಜರು, ಶನಿವಾರ ಭಾನುವಾರ ಕಲಾವಿದರು. ಹಿಂದೊಮ್ಮೆ ಆಫೀಸಿನ ಕೆಲಸದ ಮೇಲೆ ಲಂಡನ್ನಿನಲ್ಲಿದ್ದಾಗ ಅಲ್ಲಿ ಕ್ರಿಸ್‌ಮಸ್ ಹೊತ್ತಿನಲ್ಲಿ ಮನೆಮಂದಿಯೆಲ್ಲ ಹೋಗಿ ನೋಡುವ ಪ್ಯಾಂಟೊಮೈಮ್ ಎಂಬ ನಾಟಕ ನೋಡಿದ್ದರಂತೆ. ಕಿನ್ನರ ಕಥೆ, ಕುಣಿತ, ಇಬ್ಬರು ಸೇರಿ ಆಗುವ ಒಂದು ಪ್ರಾಣಿ, ಕೇಡಿಗ ಹಿಂದಿನಿಂದ ಬಂದಾಗ "ಹಿಂದೆ ನೋಡು" ಎಂದು ಕೂಗುವ ಮಕ್ಕಳು. ನಮ್ಮ ಹವ್ಯಾಸಿ ನಾಟಕ ತಂಡವೂ ಈ ಸಲ ಅದನ್ನೇ ಮಾಡಬೇಕು ಎಂದು ಅವರಿಗೆ ಹಟ. ತಂಡ ಎಂದರೆ ವರ್ಷಕ್ಕೊಂದು ನಾಟಕ ಆಡಿ ವರ್ಷವಿಡೀ ಅದರ ಫೋಟೋ ಹಂಚಿಕೊಳ್ಳುವ ನಮ್ಮಂಥ ಕೆಲವು ಸಂಸಾರಗಳು.

ಕಥೆಯನ್ನು ಅವರೇ ಕಟ್ಟಿದರು. ಕಾಡಿನಲ್ಲಿ ಒಬ್ಬ ರಾಕ್ಷಸಿ. ಅವಳು ಒಬ್ಬ ರಾಜಕುಮಾರನನ್ನು ಗುಹೆಯಲ್ಲಿ ಕೂಡಿಹಾಕಿದ್ದಾಳೆ. ಗುಹೆಯ ಬಾಯಿಗೆ ಒಂದು ಮಾಯದ ಹಸು. ರಾಕ್ಷಸಿ ಕೂರು ಎಂದರೆ ಹಸು ಕೂತು ಗುಹೆ ಮುಚ್ಚುತ್ತದೆ, ಏಳು ಎಂದರೆ ಎದ್ದು ದಾರಿ ಬಿಡುತ್ತದೆ. ರಾಜಕುಮಾರನ ತಂಗಿ ಅಣ್ಣನನ್ನು ಹುಡುಕಿಕೊಂಡು ಬರುತ್ತಾಳೆ. ಇಷ್ಟೇ. ಮಕ್ಕಳ ನಾಟಕಕ್ಕೆ ಸಾಕು.

ನನ್ನನ್ನು ಹಿಂಗಾಲಿಗೆ ಆರಿಸಿದ್ದಕ್ಕೆ ನನ್ನ ಪ್ರತಿಭೆ ಕಾರಣವಲ್ಲ. ರಾಕ್ಷಸಿಯ ಪಾತ್ರ ಸಿಕ್ಕಿದ್ದು ನನ್ನ ಹೆಂಡತಿಗೆ. ಸ್ಯಾನ್ ರಮೋನಿನಿಂದ ಸಾಂಟಾ ಕ್ಲಾರಾಕ್ಕೆ ಅವಳೊಬ್ಬಳೇ ಹೋದರೆ ಫ್ರೀವೇಯಲ್ಲಿ ಏನಾದರೂ ಆದೀತು ಎಂದು ನಾನು ಜೊತೆಗೆ ಹೋಗುತ್ತಿದ್ದೆ. ನನಗಿಂತ ಚೆನ್ನಾಗಿ ಓಡಿಸುವವಳು ಅವಳು. ನಾನು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವವನು. ನಿರ್ದೇಶಕರ ಗರಾಜಿನಲ್ಲಿ ಟಾಯ್ಲೆಟ್ ಪೇಪರಿನ ಕಟ್ಟುಗಳ ಪಕ್ಕ ನಿಂತು ಎಕ್ಸ್‌ಟೆನ್ಷನ್ ಕಾರ್ಡುಗಳನ್ನು ನೋಡಿ ಚಿಂತೆ ಮಾಡುತ್ತಿದ್ದಾಗ ಅವರ ಕಣ್ಣು ನನ್ನ ಮೇಲೆ ಬಿತ್ತು. "ನಿಮ್ಮ ಬೆನ್ನು ನ್ಯಾಚುರಲ್ಲಾಗಿ ಬಗ್ಗಿದೆ ಸರ್" ಎಂದರು.

ಈಗ ನನ್ನ ಹೆಂಡತಿಯ ವಿಷಯ ಹೇಳಬೇಕು. ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವನು. ಅವಳಿಗೆ ಇಲ್ಲಿ ಒಂದು ಫಾರ್ಮಸಿಯಲ್ಲಿ ಕೆಲಸ. ಮದುವೆಯಾಗಿ ಎರಡು ದಶಕವಾದರೂ ನಾನು ಹಸು ಎನ್ನುವುದನ್ನು ಅವಳು ಆಕಳು ಎನ್ನುತ್ತಾಳೆ, ನಾನು ಕೂತುಕೋ ಎಂದರೆ ಅವಳು ಕುಂದ್ರು ಎನ್ನುತ್ತಾಳೆ. ಮನೆಯಲ್ಲಿ ಎರಡೂ ನಡೆಯುತ್ತವೆ. ಹೊರಗೆ ಹಾಗಲ್ಲ. ಕೆಲವು ವರ್ಷಗಳ ಹಿಂದೆ ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋಗಿದ್ದಳು. ಒಂದು ತಿಂಗಳಲ್ಲಿ ಇಬ್ಬರು ತಾಯಂದಿರು ಬಂದು, ಮಕ್ಕಳು ಕನ್‌ಫ್ಯೂಸ್ ಆಗ್ತಿದಾರೆ, ಮೊದಲು ಸ್ಟ್ಯಾಂಡರ್ಡ್ ಕನ್ನಡ ಬರಲಿ ಅಂತ, ಎಂದು ಬಹಳ ನಯವಾಗಿ ಹೇಳಿದರು. ಮುಂದಿನ ವಾರದಿಂದ ಅವಳಿಗೆ ತಿಂಡಿಯ ಉಸ್ತುವಾರಿ ಕೊಟ್ಟರು. ಆ ಮಕ್ಕಳಿಗೆ ಅವಳ ಚುರುಮುರಿ ಸ್ಟ್ಯಾಂಡರ್ಡ್ ಆಗಿಯೇ ಹಿಡಿಸಿತು.

ಹಾಗಾಗಿ ರಾಕ್ಷಸಿಯ ಪಾತ್ರ ಒಪ್ಪಿಕೊಳ್ಳುವಾಗ ಅವಳು ಹಾಕಿದ್ದು ಒಂದೇ ಷರತ್ತು.

"ನೋಡ್ರಿ, ನಾ ಮಾಡ್ತೇನಿ. ಆದ್ರ ಮಾತು ಮಾತ್ರ ನಮ್ಮ ಕಡೆದು ಇರ್ಬೇಕು. ರಾಕ್ಷಸಿ ಬೆಂಗಳೂರ್ನಾಗ ಹುಟ್ಟಿದಾಕಿ ಅಂತ ಎಲ್ಲೂ ಬರದಿಲ್ಲಲ್ಲ?"

"ಅಯ್ಯೋ ಮೇಡಂ, ಡಬಲ್ ಓಕೆ! ಅಥೆಂಟಿಕ್ಕಾಗಿರುತ್ತೆ" ಎಂದರು ನಿರ್ದೇಶಕರು.

ನಾಟಕದ ಕೊನೆಯಲ್ಲಿ ರಾಕ್ಷಸಿಗೆ ಒಂದು ಉದ್ದನೆಯ ಮಾತಿದೆ. ರಾಜಕುಮಾರನನ್ನು ಏಕೆ ಕೂಡಿಹಾಕಿದೆ ಎಂದು ತಂಗಿ ಕೇಳಿದಾಗ ಹೇಳುವುದು. ಅವನು ದಿನಾ ಸಂಜೆ ಬಂದು ಮಾತಾಡುತ್ತೇನೆಂದು ಮಾತು ಕೊಟ್ಟು ಹೋದವನು ಬರಲಿಲ್ಲ, ಕಾಡಿನಲ್ಲಿ ಏನು ಕೂಗಿದರೂ ತಿರುಗಿ ಮಾತಾಡುವವರಿಲ್ಲ, ಅದಕ್ಕೆ ಹಿಡಿದಿಟ್ಟೆ ಎಂಬುದು ಅದರ ಸಾರ. ನಿರ್ದೇಶಕರು ಬರೆದದ್ದು ಶಾಲೆಯ ಭಾಷಣದ ಹಾಗಿತ್ತು. ಅವಳು ಅದನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ತನ್ನ ಮಾತಿಗೆ ತಂದುಕೊಂಡಳು. ಬಡಿತ ನಿಲ್ಲಿಸಿ ಒಂದು ಸಾಲು ಹೇಳುವುದು, ತಲೆ ಅಲ್ಲಾಡಿಸುವುದು, ಮತ್ತೆ ಬಡಿಯುವುದು. ನಾನು ಸೋಫಾದಲ್ಲಿ ಕೂತು ಲ್ಯಾಪ್‌ಟಾಪು ನೋಡುವ ಹಾಗೆ ನಟಿಸುತ್ತಾ ಕೇಳುತ್ತಿದ್ದೆ. ಈ ನಾಟಕದಲ್ಲಿ ನಾನು ಚೆನ್ನಾಗಿ ನಟಿಸಿದ್ದು ಅದೊಂದೇ.

ಇಲ್ಲಿ ನಾಟಕ ಆಡುವವರ ಒಂದು ಪದ್ಧತಿ ಊರಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಾವು ವೇದಿಕೆಯ ಮೇಲೆ ಮಾತಾಡುವುದಿಲ್ಲ. ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ, ನಡುನಡುವೆ ಗುಡುಗು, ವೀಣೆ, ನಾಯಿ ಬೊಗಳುವುದು ಎಲ್ಲ ಸೇರಿಸಿ ಒಂದು ಟ್ರ್ಯಾಕ್ ಮಾಡುತ್ತೇವೆ. ನಾಟಕದ ದಿನ ಸ್ಪೀಕರಿನಿಂದ ಟ್ರ್ಯಾಕ್ ಬರುತ್ತದೆ, ನಟರು ಅದಕ್ಕೆ ಸರಿಯಾಗಿ ಬಾಯಿ ಆಡಿಸುತ್ತಾರೆ. ಮೈಕು ಕೈಕೊಡುತ್ತದೆ, ಯಾರಿಗೂ ಬಾಯಿಪಾಠ ಮಾಡಲು ಪುರಸೊತ್ತಿಲ್ಲ, ಮಕ್ಕಳ ಉಚ್ಚಾರಣೆಯನ್ನು ತಿದ್ದಿ ತಿದ್ದಿ ರೆಕಾರ್ಡ್ ಮಾಡಬಹುದು ಎಂದೆಲ್ಲ ಕಾರಣ ಕೊಡುತ್ತಾರೆ. ಕಾರಣಗಳೆಲ್ಲ ನಿಜ. ಆದರೆ ನಡುವಯಸ್ಸಿನ ಇಂಜಿನಿಯರುಗಳು ಜರಿಪೇಟ ಕಟ್ಟಿಕೊಂಡು, ತಮ್ಮದೇ ದನಿ ಎಲ್ಲಿಂದಲೋ ಬರುವಾಗ ಒಂದು ಕ್ಷಣ ತಡವಾಗಿ ಮೀನಿನ ಹಾಗೆ ಬಾಯಿ ತೆರೆಯುವುದನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ಬಿಡದೆ ವರ್ಷ ವರ್ಷವೂ ನೋಡಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ.

ರೆಕಾರ್ಡಿಂಗು ನಡೆಯುವುದು ನಿರ್ದೇಶಕರ ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲಿ. ನೇತುಹಾಕಿದ ಬಟ್ಟೆಗಳ ನಡುವೆ ದನಿ ಮಾರ್ದನಿಸುವುದಿಲ್ಲವಂತೆ. ಅವರ ಸೂಟುಗಳು, ಅವರ ಹೆಂಡತಿಯ ರೇಷ್ಮೆ ಸೀರೆಗಳು, ನುಸಿಗುಳಿಗೆ, ಬೂಟುಗಳು, ಇವುಗಳ ನಡುವೆ ನನ್ನ ಹೆಂಡತಿ ನಿಂತು ಆ ಮಾತು ಹೇಳಿದಳು. ನಾನು ಬಾಗಿಲ ಹೊರಗೆ ಮಂಚದ ತುದಿಯಲ್ಲಿ ಕೂತಿದ್ದೆ. ಅವಳು ನಿಲ್ಲಿಸಿದ ಮೇಲೆ ನಿರ್ದೇಶಕರು, "ಸೂಪರ್ ಮೇಡಂ, ಒನ್ ಟೇಕ್ ಆರ್ಟಿಸ್ಟ್!" ಎಂದರು. ಕಾರಿನಲ್ಲಿ ಅವಳು ಸ್ಯಾನ್ ರಮೋನ್ ಬರುವವರೆಗೂ ಹಾಡು ಗುನುಗುತ್ತಿದ್ದಳು. ನನಗೆ ಅಷ್ಟು ಸಂತೋಷ ಕಂಡರೆ ಚಿಂತೆ ಹತ್ತುತ್ತದೆ.

ನಾಟಕದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಮ್ಮಿನಲ್ಲಿ ಕೊನೆಯ ರಿಹರ್ಸಲ್. ಅಲ್ಲಿಯವರೆಗೆ ಗರಾಜಿನಲ್ಲಿ ನಿರ್ದೇಶಕರು ಎಲ್ಲರ ಮಾತನ್ನೂ ತಾವೇ ಓದುತ್ತಾ ನಡೆಸಿದ್ದರು, ಟ್ರ್ಯಾಕ್ ಇನ್ನೂ ಮಿಕ್ಸ್ ಆಗ್ತಿದೆ ಎನ್ನುತ್ತಾ. ಆ ದಿನ ಮೊದಲ ಸಲ ಪೂರ್ತಿ ಟ್ರ್ಯಾಕ್ ಹಾಕಿದರು. ಗುಡುಗು ಗುಡುಗಿತು. ಕಪ್ಪು ಸೀರೆ, ಕೆದರಿದ ವಿಗ್ಗು ತೊಟ್ಟ ನನ್ನ ಹೆಂಡತಿ ವೇದಿಕೆಯ ನಡುವೆ ಬಂದು ಕೈ ಎತ್ತಿದಳು. ಸ್ಪೀಕರಿನಿಂದ ದನಿ ಬಂತು.

"ಎಲೈ ಧೇನುವೇ! ನನ್ನ ಅಪ್ಪಣೆಯಿಲ್ಲದೆ ಯಾರನ್ನೂ ಒಳಗೆ ಬಿಡಬೇಡ!"

ದನಿ ಅವಳದಲ್ಲ. ನುಣುಪಾದ, ಜಾಹೀರಾತಿನಲ್ಲಿ ಸೋಪು ಮಾರುವಂಥ ಹೆಂಗಸಿನ ದನಿ. ನಾನು ಹಸುವಿನೊಳಗಿದ್ದೆ, ನನಗೆ ಕಾಣುತ್ತಿದ್ದದ್ದು ದಂತವೈದ್ಯರ ಬೆಲ್ಟು ಮತ್ತು ನೆಲ. ದನಿ ಕೇಳಿ ನೆಟ್ಟಗಾಗಲು ಹೋಗಿ ಹಸುವಿಗೆ ಒಂಟೆಯ ಡುಬ್ಬ ಬಂತು.

"ನಿಲ್ಲಸ್ರಿ" ಎಂದಳು ಅವಳು. "ಇದು ಯಾರ ದನಿ?"

ನಿರ್ದೇಶಕರು ಆಡಿಟೋರಿಯಮ್ಮಿನ ಹಿಂಭಾಗದಿಂದ, ಲ್ಯಾಪ್‌ಟಾಪು ಬಿಟ್ಟು ಓಡಿಬಂದ ಶಬ್ದ ಕೇಳಿಸಿತು.

"ಮೇಡಂ, ಹೇಳೋಣ ಅಂತಾನೇ ಇದ್ದೆ. ಬೆಂಗಳೂರಲ್ಲಿ ನಮ್ಮ ಕಸಿನ್ನು, ವಾಯ್ಸ್ ಆರ್ಟಿಸ್ಟು. ಮೂರು ಜನಕ್ಕೆ ನಿಮ್ಮ ಟ್ರ್ಯಾಕ್ ಕೇಳಿಸ್ದೆ. ಸಖತ್ತಾಗಿದೆ ಅಂದ್ರು, ಆದ್ರೆ ನಗ್ತಾ ಇದ್ರು ಮೇಡಂ. ರಾಕ್ಷಸಿ ಸೀರಿಯಸ್ ಪಾತ್ರ ಅಲ್ವಾ? ಜನ ಕಾಮಿಡಿ ಅನ್ಕೊಂಬಿಟ್ರೆ?"

"ನಮ್ಮೂರಾಗ ಸಾವು ಆದ್ರೂ ಇದ ಮಾತಿನಾಗ ಅಳ್ತೇವ್ರಿ. ಯಾರೂ ನಗಂಗಿಲ್ಲ."

"ಅಯ್ಯೋ, ನಿಮ್ಮ ಭಾಷೆ ಕ್ಯೂಟು ಮೇಡಂ, ನಾನೇ ದೊಡ್ಡ ಫ್ಯಾನು. ಇದು ಆಡಿಯೆನ್ಸಿಗೋಸ್ಕರ. ನೀವು ಬಾಯಿ ಆಡಿಸಿ ಸಾಕು, ಆಕ್ಟಿಂಗ್ ಎಲ್ಲಾ ನಿಮ್ದೇ."

ಕ್ಯೂಟು ಎನ್ನುವ ಮಾತು ಕಾಲೊರೆಸಿನ ವಾಸನೆಗಿಂತ ಕೆಟ್ಟದಾಗಿ ಮೂಗಿಗೆ ಬಡಿಯಿತು. ಹೊರಗೆ ಬಂದು ಎರಡು ಮಾತು ಬಿಗಿಯಾಗಿ ಹೇಳೋಣ ಎಂದು ಜಿಪ್ಪು ಹುಡುಕಿದೆ. ಹಿಂಗಾಲಿನವನಿಗೆ ಒಳಗಿನಿಂದ ಜಿಪ್ಪು ತೆಗೆಯುವ ವ್ಯವಸ್ಥೆಯೇ ಇರಲಿಲ್ಲ. ದಂತವೈದ್ಯರು ಬಿಡಿಸುವ ಹೊತ್ತಿಗೆ ನಿರ್ದೇಶಕರು ಎಲ್ಲರೂ ಮನೆಯಿಂದ ತಂದ ಪಾಟ್‌ಲಕ್ ಊಟದ ಮೇಜಿನ ಹತ್ತಿರ ಹೋಗಿ ಅಲ್ಯೂಮಿನಿಯಂ ಟ್ರೇಯಲ್ಲಿ ಬಿರುಕು ಬಿಟ್ಟು ಗಟ್ಟಿಯಾದ ಬಿಸಿಬೇಳೆಬಾತನ್ನು ಕೆರೆಯುತ್ತಿದ್ದರು. "ನೀವು ಹೀಗೆ ಮಾಡಬಾರದಿತ್ತು" ಎಂದೆ. "ಖಂಡಿತ ಸರ್, ತುಪ್ಪ ಇನ್ನೊಂಚೂರು ಇರಬೇಕಿತ್ತು" ಎಂದು ತಟ್ಟೆ ಕೊಟ್ಟರು. ನಾನು ಇಸಿದುಕೊಂಡೆ.

ಕಾರಿನಲ್ಲಿ ನಾನೇ ಮಾತು ತೆಗೆದೆ. "ನಾಳೆ ಹೋಗೋದೇ ಬೇಡ ಕಣೇ. ಜ್ವರ ಅಂತ ಹೇಳಿಬಿಡೋಣ."

"ಯಾಕ? ನನಗ ಜ್ವರ ಇಲ್ಲ."

"ಮತ್ತೆ ಏನು ಮಾಡ್ತೀಯ?"

"ಗೊತ್ತಿಲ್ರಿ. ನೀವು ಮಾತ್ರ ಯಾರಿಗೂ ಏನೂ ಅನ್ನಾಕ ಹೋಗಬ್ಯಾಡ್ರಿ. ಅಂದು ಆಮ್ಯಾಲ ತಾಟು ಹಿಡಕೊಂಡು ನಿಲ್ತೀರಿ."

ಅವಳು ನೋಡಿದ್ದಳು.

ಭಾನುವಾರ ಆಡಿಟೋರಿಯಮ್ಮಿನ ಹಾಲು ತುಂಬಿತ್ತು. ಊರಿಂದ ಬಂದ ಅಪ್ಪ ಅಮ್ಮಂದಿರು ಸ್ವೆಟರು ಹಾಕಿಕೊಂಡು ಮುಂದೆ ಕೂತಿದ್ದರು. ಮಕ್ಕಳಿಗೆ ಕೂಗಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದರಿಂದ ಅವು ಪರದೆ ಏಳುವ ಮೊದಲೇ "ಬಿಹೈಂಡ್ ಯೂ!" ಎಂದು ಕೂಗಲು ಶುರುಮಾಡಿದ್ದವು. ನಿರ್ದೇಶಕರು ವೇದಿಕೆಗೆ ಬಂದು ಕನ್ನಡದ ಉಳಿವಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ನಾಟಕ.

ನನ್ನ ಲೋಕ ಎಂದಿನಂತೆ ಕತ್ತಲೆ, ಬೆಲ್ಟು, ವಾಸನೆ. ದಂತವೈದ್ಯರಿಗೆ ಹಸುವಿನ ಬಾಯಿಯ ಹತ್ತಿರ ಬಲೆಬಟ್ಟೆಯ ಕಿಂಡಿ ಇತ್ತು. ಅವರು ಅದರಿಂದ ನೋಡಿ ನನಗೆ ಪಿಸುಗುಟ್ಟುತ್ತಿದ್ದರು, ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರ ಹಾಗೆ. ಗುಡುಗು ಗುಡುಗಿತು. ಸೋಪಿನ ದನಿ "ಎಲೈ ಧೇನುವೇ" ಎಂದಿತು.

"ಸಾರ್" ಎಂದರು ದಂತವೈದ್ಯರು.

"ಏನು?"

"ನಿಮ್ಮ ಮಿಸೆಸ್ ಬಾಯಿ ಆಡಿಸ್ತಿಲ್ಲ."

"ಮರೆತಳಾ?"

"ಇಲ್ಲ ಸಾರ್. ಬಾಯಿ ಗಟ್ಟಿಯಾಗಿ ಮುಚ್ಕೊಂಡಿದಾರೆ. ಕೈ ಕಟ್ಕೊಂಡು ಸ್ಪೀಕರ್ ಕಡೆ ನೋಡ್ತಾ ನಿಂತಿದಾರೆ. ಹಲ್ಲು ಕಡೀತಿದಾರೆ ಅನ್ಸುತ್ತೆ, ದವಡೆ ನೋಡಿದ್ರೆ ಗೊತ್ತಾಗುತ್ತೆ."

ದನಿ ಅರಚುತ್ತಿತ್ತು, ನಗುತ್ತಿತ್ತು, ಬೆದರಿಸುತ್ತಿತ್ತು. ರಾಕ್ಷಸಿ ಮಾತ್ರ ತುಟಿ ಬಿಚ್ಚದೆ ನಿಂತಿದ್ದಳು. ಹಾಲಿನಲ್ಲಿ ಗುಸುಗುಸು ಎದ್ದಿತು. ಅಲ್ಲಲ್ಲಿ ನಗು. ನನ್ನ ಅಂಗೈ ಬೆವರಿ ದಂತವೈದ್ಯರ ಬೆಲ್ಟು ಜಾರತೊಡಗಿತು. ಅವಳು ಹೀಗೆಯೇ ನಿಂತರೆ ಕೊನೆಯವರೆಗೂ ನಿಂತಾಳು, ನನಗೆ ಗೊತ್ತು. ಒಮ್ಮೆ ನನ್ನ ತಮ್ಮನ ಮದುವೆಯಲ್ಲಿ ಇಡೀ ಎರಡು ದಿನ ಹೀಗೆ ಇದ್ದಳು. ಕೊನೆಗೆ ಆ ಉದ್ದನೆಯ ಮಾತು ಬರುತ್ತದೆ, ಅದೂ ಸ್ಪೀಕರಿನಿಂದ ಬರುತ್ತದೆ, ಸೋಪಿನ ನೊರೆಯ ಹಾಗೆ ಹಾಲಿನ ತುಂಬ ಹರಡುತ್ತದೆ, ಇವಳು ಬಾಯಿ ಮುಚ್ಚಿಕೊಂಡೇ ಮನೆಗೆ ಬರುತ್ತಾಳೆ.

ಆಗ ರಾಜಕುಮಾರನ ತಂಗಿ ಬಂದಳು. ಮೌಂಟನ್ ವ್ಯೂನಲ್ಲಿ ಕೆಲಸ ಮಾಡುವ, ಸಿನಿಮಾ ಹಾಡಿಗೆ ಚೆನ್ನಾಗಿ ತುಟಿ ಕೂಡಿಸುವ ಹುಡುಗಿ. ಸೋಪಿನ ದನಿ ಗಂಭೀರವಾಗಿ ಹೇಳಿತು: "ಧೇನುವೇ, ಕುಳಿತುಕೋ! ಗುಹೆಯನ್ನು ಮುಚ್ಚು!"

ದಂತವೈದ್ಯರು ಮೊಣಕಾಲೂರಿ ಕೂತರು. ನಾನು ಕೂರಲಿಲ್ಲ.

ಇದನ್ನು ಧೈರ್ಯ ಎಂದು ಹೇಳಿಕೊಳ್ಳುವ ಹಾಗಿಲ್ಲ. ಮುಖ ಕಾಣುವ ಜಾಗದಲ್ಲಿದ್ದಿದ್ದರೆ ಮೊದಲು ಕೂರುತ್ತಿದ್ದವನೇ ನಾನು. ಕಾಲೊರೆಸು ಹೊದ್ದ ಕತ್ತಲೆಯಲ್ಲಿ ಯಾರಿಗೂ ಕಾಣದೆ ಇದ್ದದ್ದರಿಂದ, ನನಗೆ ಕೂತುಕೋ ಎಂದು ಹೇಳಲು ಈ ಹೆಂಗಸು ಯಾರು ಎಂಬ ಒಂದು ಯೋಚನೆ ಬಂದು, ಅದು ಕಾಲಿಗೆ ಇಳಿದುಬಿಟ್ಟಿತು.

"ಸಾರ್, ಕೂತ್ಕೊಳ್ಳಿ" ಎಂದರು ದಂತವೈದ್ಯರು.

"ಕೂರಲ್ಲ."

"ಸಾರ್, ಮಂಡಿ ನೋವಾ?"

"ಅವಳು ಹೇಳಲಿ, ಕೂರ್ತೀನಿ."

"ಸಾರ್, ಹಸು ಅರ್ಧ ನಿಂತಿದೆ ಸಾರ್! ನನ್ನ ತಲೆ ನೆಲದಲ್ಲಿದೆ, ನಿಮ್ಮದು ಆಕಾಶದಲ್ಲಿದೆ!"

ಸೂರು ಹಾರಿಹೋಗುವ ಹಾಗೆ ಸಭೆಯೆಲ್ಲ ನಕ್ಕಿತು. ಟ್ರ್ಯಾಕಿನ ರಾಕ್ಷಸಿ "ಭಲೇ, ಕುಳಿತೆಯಾ!" ಎಂದಳು, ಹಸುವಿನ ಅಂಡು ಇನ್ನೂ ಮೇಲೇ ಇತ್ತು. ಮಕ್ಕಳು "ಸಿಟ್! ಸಿಟ್!" ಎಂದು ನಾಯಿಗೆ ಹೇಳುವ ಹಾಗೆ ಕೂಗತೊಡಗಿದವು. ನನ್ನ ತೊಡೆ ನಡುಗುತ್ತಿತ್ತು. ಇನ್ನೊಂದು ನಿಮಿಷವಾಗಿದ್ದರೆ ನನ್ನ ಪ್ರತಿಭಟನೆ ತಾನಾಗಿ ಕುಸಿಯುತ್ತಿತ್ತು.

ಆಗ ಬೆನ್ನಿನ ಮೇಲೆ ಒಂದು ಏಟು ಬಿತ್ತು, ಅಂಗೈಯಿಂದ, ಜೋಳದ ರೊಟ್ಟಿ ಬಡಿದು ಪಳಗಿದ ಅಂಗೈಯಿಂದ.

"ಏ! ಕುಂದ್ರು ಅಂದ್ರ ಕುಂದ್ರಬೇಕು! ಯಾರೋ ಎಲ್ಲಿಂದರ ಹೇಳಿದ್ದಕ್ಕ ನೀ ಕುಂದ್ರಂಗಿಲ್ಲ, ನನಗ ಗೊತ್ತೈತಿ. ಈಗ ನಾ ಹೇಳಾಕತ್ತೇನಿ. ಕುಂದ್ರು!"

ನಾನು ಕೂತೆ. ಕೂತೆ ಎನ್ನುವುದಕ್ಕಿಂತ ಬಿದ್ದೆ. ನಗು ಇನ್ನೂ ಜೋರಾಯಿತು. ಟ್ರ್ಯಾಕು ತನ್ನ ಪಾಡಿಗೆ ತಾನು ಓಡುತ್ತಿತ್ತು, ಅದರ ಮೇಲೆ ಇವಳ ದನಿ ಏರುತ್ತಿತ್ತು, ಎರಡು ರಾಕ್ಷಸಿಯರು ಒಟ್ಟಿಗೆ ಜಗಳಕ್ಕೆ ನಿಂತ ಹಾಗೆ. ಸ್ವಲ್ಪ ಹೊತ್ತಿಗೆ ಟ್ರ್ಯಾಕು ನಿಂತಿತು. ನಿರ್ದೇಶಕರು ಗಾಬರಿಯಾಗಿ ನಿಲ್ಲಿಸಿದ್ದರು. ನಿಲ್ಲಿಸಿದ ಮೇಲೆ ವೇದಿಕೆಯ ಮೇಲೆ ಮಾತು ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ.

"ಹುಡುಗಿ ಬಾಯಿ ತೆಗೆದು ನಿಂತಿದಾಳೆ ಸಾರ್" ಎಂದರು ದಂತವೈದ್ಯರು. "ಏನೂ ಬರ್ತಿಲ್ಲ."

ಹೆಂಡತಿಯೇ ಅವಳನ್ನು ಪಾರು ಮಾಡಿದಳು. "ನೀ ಏನ್ ಕೇಳಾಕ ಬಂದಿ ನನಗ ಗೊತ್ತವ್ವ. ನಿಮ್ಮಣ್ಣನ್ನ ಯಾಕ ಹಿಡದಿಟ್ಟಿ ಅಂತ ಕೇಳ್ತಿ. ಹೌದಿಲ್ಲೋ? ತಲಿ ಅಲ್ಲಾಡಸು ಸಾಕು."

ಮತ್ತೆ ನಗು. ಈ ನಗು ಬೇರೆ ಥರದ್ದು. ಹಿಂದಿನ ಸಾಲಿನಲ್ಲಿ ಯಾರೋ ಅವಳ ರಾಗವನ್ನು ಅಣಕಿಸಿ "ಹೌದಿಲ್ಲೋ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅವಳು ಉದ್ದನೆಯ ಮಾತು ಶುರುಮಾಡಿದಳು. ನಾನು ನೆಲಕ್ಕೆ ಮುಖ ಮಾಡಿ ಬಿದ್ದುಕೊಂಡು, ಯಾರದೋ ಬಾತ್‌ರೂಮಿನ ಕಾಲೊರೆಸು ಮೂಗಿಗೆ ಒತ್ತಿಕೊಂಡಿರುವಾಗ, ಅದನ್ನು ಪೂರ್ತಿ ಕೇಳಿದೆ. "ಅಂವಾ ಹೇಳಿದ್ದ, ದಿನಾ ಸಂಜೀಕ ಬರ್ತೇನಿ, ಮಾತಾಡೂಣಂತ. ನಾ ದಾರಿ ಉಡುಗಿದೆ, ನೀರು ಚಿಮುಕಿಸಿದೆ, ಕುಂತೆ. ಹೊತ್ತು ಮುಳುಗಿತು. ಅಡವಿಯಾಗ ನಾ ಏನರ ಅಂದ್ರ ಅದು ನನಗ ತಿರುಗಿ ಬರ್ತೈತಿ, ನನ್ನ ಮಾತು ನಾನ ಕೇಳಿ ಕೇಳಿ ಸಾಕಾತು. ಒಬ್ಬರ ಹೂಂ ಅನ್ನವರು ಬೇಕಲ್ಲ? ಅದಕ್ಕ ಹಿಡದಿಟ್ಟೆ. ತಪ್ಪು ಅಂತೀಯೇನು? ಅನ್ನು. ಅಂದ್ರ ಅದೂ ಒಂದು ಮಾತ ಅಲ್ಲೇನು."

ಮೊದಲ ಸಾಲಿಗೆ ಕೆಲವರು ನಕ್ಕರು. ನೀರು ಚಿಮುಕಿಸಿದೆ ಎಂದಾಗ ಒಬ್ಬರೋ ಇಬ್ಬರೋ. ಆಮೇಲೆ ಏನೂ ಇಲ್ಲ. ಮಕ್ಕಳೂ ಕೂಗಲಿಲ್ಲ. ದಂತವೈದ್ಯರು ಕೂಡ ಕಾಮೆಂಟರಿ ನಿಲ್ಲಿಸಿದ್ದರು.

ಪರದೆ ಬಿದ್ದ ಮೇಲೆ ನಿರ್ದೇಶಕರು ಕೈ ಚಾಚಿಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ; ಬೈದಿದ್ದರೆ ಅವರ ಮೇಲೆ ನನಗೆ ಸ್ವಲ್ಪ ಗೌರವ ಉಳಿಯುತ್ತಿತ್ತು. "ಮೇಡಂ! ಏನ್ ಟೈಮಿಂಗು! ಜನ ಬಿದ್ದು ಬಿದ್ದು ನಕ್ರು! ನಂಗೆ ಗೊತ್ತೇ ಇರ್ಲಿಲ್ಲ ನೀವು ಇಷ್ಟು ಕಾಮಿಡಿ ಮಾಡ್ತೀರ ಅಂತ. ಮುಂದಿನ ನಾಟಕದಲ್ಲಿ ನಿಮಗೇ ಅಂತ ಒಂದು ಕೆಲಸದವಳ ಪಾತ್ರ ಬರೀತೀನಿ, ಫುಲ್ ಹುಬ್ಳಿ ಕನ್ನಡ. ಈ ಸಲ ಟ್ರ್ಯಾಕಲ್ಲೂ ನಿಮ್ದೇ ವಾಯ್ಸು, ಪ್ರಾಮಿಸ್!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ಆ ಅಂಡು ಐಡಿಯಾ ಯಾರದು? ಜೀನಿಯಸ್" ಎಂದರು.

ಎರಡು ವಾರದ ಮೇಲೆ ವಾಟ್ಸಾಪ್ ಗುಂಪಿಗೆ ನಾಟಕದ ವಿಡಿಯೋ ಬಂತು. ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಟಿವಿಗೆ ಹಾಕಿದೆವು. ಗುಡುಗು ಗುಡುಗಿತು. ನನ್ನ ಹೆಂಡತಿ ಕೈ ಕಟ್ಟಿ ನಿಂತಿದ್ದಳು. ಸೋಪಿನ ದನಿ ಮಾತಾಡಿತು. ಹಸುವಿನ ಅಂಡು ನಿಂತಿತು. ಅವಳು ಬಂದು ಅದಕ್ಕೆ ಬಾರಿಸಿದಳು, ಅವಳ ಬಾಯಿ ಅಷ್ಟಗಲ ತೆರೆಯಿತು, ಆ ಬಾಯಿಯಿಂದಲೂ ಸೋಪಿನ ದನಿಯೇ ಬಂತು. ನಿರ್ದೇಶಕರು ಹಾಲಿನ ಶಬ್ದವನ್ನೆಲ್ಲ ತೆಗೆದು, ಮೊದಲಿನಿಂದ ಕೊನೆಯವರೆಗೆ ಟ್ರ್ಯಾಕನ್ನೇ ಅಂಟಿಸಿದ್ದರು. ಉದ್ದನೆಯ ಮಾತಿಗೂ ಅದನ್ನೇ. ಅವಳ ತುಟಿ ಒಂದು ಹೇಳುತ್ತಿತ್ತು, ಕಿವಿಗೆ ಇನ್ನೊಂದು ಬೀಳುತ್ತಿತ್ತು. ಜನರ ನಗುವನ್ನೂ ಉಳಿಸಿರಲಿಲ್ಲ. ಎಲ್ಲಿಂದಲೋ ತಂದ, ಟಿವಿ ಕಾರ್ಯಕ್ರಮಗಳಲ್ಲಿ ಬರುವಂಥ ಇಂಗ್ಲಿಷ್ ನಗುವನ್ನು ಅಲ್ಲಲ್ಲಿ ಚಿಮುಕಿಸಿದ್ದರು. ವಿಡಿಯೋದ ಕೆಳಗೆ ಬರೆದಿದ್ದರು: "ಆಡಿಯೋ ಕ್ಲೀನ್ ಮಾಡಿದೆ. ಎಂಜಾಯ್!"

ಅದರ ಕೆಳಗೆ ಹೆಬ್ಬೆರಳುಗಳು, ಹೂಗುಚ್ಛಗಳು, ಹೃದಯಗಳು. ಹಾಲಿನಲ್ಲಿ ಕೂತು ತಮ್ಮ ಕಿವಿಯಿಂದಲೇ ಕೇಳಿದ್ದವರು ಕೂಡ ಹೃದಯ ಹಾಕಿದ್ದರು.

ಹೆಂಡತಿ ಟಿವಿ ಆರಿಸಿದಳು.

"ಒಂದ್ ಮಾತು ಕೇಳ್ತೇನಿ, ಖರೇ ಹೇಳ್ರಿ. ನನಗ ಅಲ್ಲಿ ಎದಿ ಹೊಡಕೊಳ್ಳೂದ ಕೇಳಸ್ತಿತ್ತು, ಬ್ಯಾರೆ ಏನೂ ಕೇಳ್ಲಿಲ್ಲ. ಜನ ನಕ್ಕಿದ್ದು ಆಕಳಿಗೋ, ನನ್ನ ಮಾತಿಗೋ?"

ಆಕಳಿಗೆ ಎಂದು ಹೇಳುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕಣ್ಣಿಲ್ಲದೆ ಕಿವಿ ಮಾತ್ರ ಇದ್ದವನು ಆ ಹಾಲಿನಲ್ಲಿ ನಾನೊಬ್ಬನೇ. ವಿಡಿಯೋ ಕೂಡ ಈಗ ಸುಳ್ಳು ಹೇಳುತ್ತಿರುವಾಗ ನಾನೂ ಹೇಳಿದರೆ ನಡೆದದ್ದು ಎಲ್ಲೂ ಉಳಿಯುವುದಿಲ್ಲ.

"ಮೊದಲು ಹಸುವಿಗೆ" ಎಂದೆ. "ಆಮೇಲೆ ನಿನ್ನ ಮಾತಿಗೂ ನಕ್ಕರು. ಒಬ್ಬ ಅಣಕಿಸಿದ."

"ಹೂಂ."

"ಆಮೇಲೆ ನಗಲಿಲ್ಲ. ನೀರು ಚಿಮುಕಿಸಿದೆ ಅಂದೆಯಲ್ಲ, ಅಲ್ಲಿಂದ ಮುಂದೆ ಯಾರೂ ನಗಲಿಲ್ಲ."

"ಕೆಮ್ಮಿದ್ರೇನು?"

"ಕೆಮ್ಮಲೂ ಇಲ್ಲ."

"ಕಡೀಮಟ?"

"ಕೊನೇವರೆಗೂ."

ಅವಳು ಲೋಟ ಕೆಳಗಿಟ್ಟು ಫೋನು ತೆಗೆದುಕೊಂಡಳು. ಗುಂಪಿನಲ್ಲಿ ಬರೆಯುತ್ತಾಳೆ, ಜಗಳವಾಗುತ್ತದೆ, ದೀಪಾವಳಿಗೆ ಯಾರೂ ಕರೆಯುವುದಿಲ್ಲ ಎಂದು ನಾನು ಚಿಂತೆಗೆ ಬಿದ್ದೆ. ಅವಳು ಬರೆಯಲಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಫೋನನ್ನು ಬಾಯಿಯ ಹತ್ತಿರ ತಂದಳು.

"ಎಲ್ಲಾರಿಗೂ ನಮಸ್ಕಾರ್ರಿ. ವಿಡಿಯೋ ನೋಡಿದೆ. ಅದರಾಗ ಮಾತಾಡಿದಾಕಿ ನಾ ಅಲ್ಲ. ಮುಂದಿನ ಸಲ ಕೆಲಸದಾಕಿ ಪಾತ್ರ ನನಗ ಬ್ಯಾಡ್ರಿ. ರಾಕ್ಷಸಿನ ಕೊಡ್ರಿ, ರಾಣಿನ ಕೊಡ್ರಿ, ನಿಂತು ನನ್ನ ಬಾಯಲೆ ಮಾತಾಡ್ತೇನಿ. ಟ್ರ್ಯಾಕ್ ಇದ್ರ ಬರಂಗಿಲ್ಲ."

ಕಳಿಸಿದಳು. ನಾವಿಬ್ಬರೂ ಫೋನನ್ನು ನೋಡುತ್ತಾ ಕೂತೆವು. ಒಬ್ಬೊಬ್ಬರಾಗಿ ಕೇಳುತ್ತಿರಬೇಕು. ಮೊದಲು ಬಂದದ್ದು ನಿರ್ದೇಶಕರ ಉತ್ತರ: ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಹಳದಿ ಮುಖಗಳು, ಒಂದರ ಪಕ್ಕ ಒಂದು, ಸಾಲಾಗಿ. ಅದರ ಬೆನ್ನಿಗೆ ಇನ್ನಿಬ್ಬರದು, ಅದೇ ಮುಖ.

"ಥೂ" ಎಂದೆ ನಾನು. "ನೋಡಿದೆಯಾ ಇವರ ಯೋಗ್ಯತೆ? ಬಿಟ್ಟುಬಿಡೇ ಈ ಗುಂಪನ್ನ."

"ನಗಲಿ ಬಿಡ್ರಿ" ಎಂದಳು. "ಇನ್ನೂ ಮೊದಲನೇ ಸಾಲು ಅಲ್ಲೇನು." ಮತ್ತೆ ಮೈಕಿನ ಗುರುತು ಒತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡಳು.